ಬ್ರೇಕ್ ಮಾಸ್ತರರ ಕಾಲಡಿ, ಕಣ್ಣು ಮೊಬೈಲಿನಲ್ಲಿ

ಕಾರು ಕಲಿಯಲು ಹೊರಟಿದ್ದೀರಾ? ಹಾಗಾದರೆ ಪಕ್ಕದಲ್ಲಿ ಕುಳಿತ ಮಾಸ್ತರರ ಕೈಯಲ್ಲಿ ಏನಿದೆ ಎಂದು ಮೊದಲು ನೋಡಿ.

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಅವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಕಲಿಸುವವರು ಗಾಡಿಯನ್ನು ಹತೋಟಿಗೆ ತರುವಂತೆ, ನಿಲ್ಲಿಸುವಂತೆ ಕುಳಿತಿರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ವಾಟ್ಸಾಪ್ ನೋಡುತ್ತಾ ಕುಳಿತವರು ಹೇಗೆ ನಿಲ್ಲಿಸಿಯಾರು? ಗಂಟೆಗೆ 30 ಕಿ.ಮೀ. ವೇಗದ ಕಾರು ಮೂರು ಸೆಕೆಂಡಿನಲ್ಲಿ 25 ಮೀಟರ್ ದಾಟಿರುತ್ತದೆ. ಬಾಗಲಕೋಟೆ ನವನಗರದ ಅಗಲ ರಸ್ತೆಯಲ್ಲಿ ಹೇಗೋ ಪಾರಾಗಬಹುದು. ಬಾದಾಮಿಯ ಪೇಟೆಯಲ್ಲಿ? ಹುನಗುಂದ-ಇಳಕಲ್ ಹೆದ್ದಾರಿಯಲ್ಲಿ ಗ್ರಾನೈಟ್ ಲಾರಿ ಎದುರಾದಾಗ?

2019ರ ತಿದ್ದುಪಡಿ ಮೊಬೈಲ್ ಹಿಡಿದು ಗಾಡಿ ಓಡಿಸುವವರಿಗೆ ದಂಡ ಹೆಚ್ಚಿಸಿತು. ಪಕ್ಕದ ಸೀಟಿನ ಮಾಸ್ತರರ ಮಾತನ್ನೇ ಎತ್ತಲಿಲ್ಲ. ಬ್ರಿಟನ್ನಿನಲ್ಲಾದರೋ 2003ರಿಂದಲೇ ಕಲಿಸುವವರಿಗೂ ಈ ನಿಷೇಧವಿದೆ.

“ಸರ್, ಫೋನ್ ಇಡ್ರಿ” ಎನ್ನಲು ನಮ್ಮ ಹೆಣ್ಣುಮಕ್ಕಳಿಗೆ ಸಂಕೋಚ. ಫೀಸು ಕೊಟ್ಟವರು ನೀವು, ಸಂಕೋಚವೇಕೆ? ಗಾಡಿಯನ್ನು ಬದಿಗೆ ನಿಲ್ಲಿಸಿ, “ಮಾತು ಮುಗಿಸ್ರಿ, ಆಮೇಲೆ ಹೋಗೋಣ” ಎನ್ನಿ. ನಿಯಮದಂತೆ ಕನಿಷ್ಠ 10 ಗಂಟೆ ಓಡಿಸಲು ನಿಮಗೆ ಸಿಗಬೇಕು. ಸ್ಕೂಲಿನ ದಾಖಲೆಯಲ್ಲಿ ಸಹಿ ಮಾಡುವ ಮುನ್ನ ಮಾಸ್ತರರ ಫೋನಿಗೆ ಹೋದ ಹೊತ್ತನ್ನು ಕಳೆದು ಲೆಕ್ಕ ಹಾಕಿ.