ಹಿಟ್ಲರ್‌ಗೆ ಗುದ್ದಿದ ಕಾಮಿಕ್ಸ್

ವೈಟ್‌ಫೀಲ್ಡ್‌ನ ಕೆಟಿಪಿಒದಲ್ಲಿ ಕಾಮಿಕ್ ಕಾನ್ ನಡೆದಾಗ ಕ್ಯಾಪ್ಟನ್ ಅಮೆರಿಕಾ ಗುರಾಣಿ ಹಿಡಿದವರನ್ನು ನೋಡಿರ್ತೀರಿ. ಆ ವೀರನ ಮೊದಲ ಸಂಚಿಕೆ ಅಮೆರಿಕದ ಅಂಗಡಿಗಳಿಗೆ ಬಂದದ್ದು 1940ರ ಡಿಸೆಂಬರ್‌ನಲ್ಲಿ. ಅದೇ ತಿಂಗಳು ಬೆಂಗಳೂರಲ್ಲಿ, ವೈಟ್‌ಫೀಲ್ಡ್‌ಗೆ ಹೋಗೋ ದಾರೀಲಿರುವ ವಿಮಾನ ಕಾರ್ಖಾನೆ ಎಚ್‌ಎಎಲ್ ಹುಟ್ಟಿತು. 1943ರ ಹೊತ್ತಿಗೆ ಅಲ್ಲಿ ಅಮೆರಿಕನ್ ಯುದ್ಧವಿಮಾನಗಳ ರಿಪೇರಿ!

ಕ್ಯಾಪ್ಟನ್ ಅಮೆರಿಕಾದ ಆ ಮೊದಲ ಸಂಚಿಕೆಯ ಬೆಲೆ ಹತ್ತು ಸೆಂಟ್. ಒಂದೇ ಸಂಚಿಕೆಯಲ್ಲಿ ಕ್ಯಾಪ್ಟನ್ ಜೊತೆ ಮಹಾವೇಗದ ಹರಿಕೇನ್, ಆದಿಮಾನವರ ಹುಡುಗ ಟಕ್. ಯಾರಿಗೂ ಯಾರ ಸಂಬಂಧವೂ ಇಲ್ಲ, ಆದರೂ ಓದಿಸಿಕೊಂಡು ಹೋಗುತ್ತೆ. ಮುಖಪುಟ ನೋಡಿ: ಹಿಟ್ಲರ್ ದವಡೆಗೇ ಗುದ್ದು. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದೇ ಇರಲಿಲ್ಲ. ಸೃಷ್ಟಿಸಿದ ಜೋ ಸೈಮನ್, ಜ್ಯಾಕ್ ಕರ್ಬಿ ಇಬ್ಬರೂ ಯಹೂದಿಗಳು. ಆ ಧೈರ್ಯಕ್ಕೆ ಇಂದಿಗೂ ಕೈ ಮುಗಿಯಬೇಕು. ಅಂದಹಾಗೆ, ಗುರಾಣಿ ಆಗ ದುಂಡಗಿರಲಿಲ್ಲ. ಬೇರೆ ಕಂಪನಿ ತಕರಾರು ತೆಗೆದು ಎರಡನೇ ಸಂಚಿಕೆಗೇ ಬದಲಾಯಿತು.

ಕಥೆಗಳು ಅವಸರದವು, ಅದನ್ನು ಕ್ಷಮಿಸಬಹುದು. ಮುಂದಿನ ಸಂಚಿಕೆಗಳಲ್ಲಿ ಜಪಾನೀಯರಿಗೆ ಕೋರೆಹಲ್ಲು ಬರೆದದ್ದನ್ನು ಹೇಗೆ ಕ್ಷಮಿಸೋದು? 1941ರ ‘ಯಂಗ್ ಅಲೈಸ್’ ಎಂಬ ಇನ್ನೊಂದು ಕಾಮಿಕ್ಸ್‌ನಲ್ಲಿ ಕಪ್ಪು ಹುಡುಗ ಬರೀ ನಗೆಪಾಟಲಿನ ಪಾತ್ರ. ಜನಾಂಗದ್ವೇಷದ ವಿರುದ್ಧ ಹೋರಾಡುವ ಪುಟದಲ್ಲೇ ಈ ಅವಮಾನ! ಕಾಲವೇ ಹಾಗಿತ್ತು ಅಂತ ನಾನಂತೂ ತಳ್ಳಿಹಾಕಲಾರೆ. ಮುಂದಿನ ಕಾಮಿಕ್ ಕಾನ್‌ನಲ್ಲಿ ಇವುಗಳ ಮರುಮುದ್ರಣ ಸಿಕ್ಕರೆ, ಮುಖಪುಟಕ್ಕೇ ನಿಲ್ಲಬೇಡಿ, ಒಳಗಿನ ಪುಟಗಳನ್ನೂ ಓದಿ.