ಆಗುಂಬೆಯ ಎಲೆ, ಚಳ್ಳಕೆರೆಯ ಮುಳ್ಳು

ಆಗುಂಬೆಯಿಂದ ಚಳ್ಳಕೆರೆಗೆ ಇನ್ನೂರು ಕಿಲೋಮೀಟರಿಗಿಂತ ತುಸು ಹೆಚ್ಚು ದಾರಿ. ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ತಲುಪಬಹುದು. ಅಷ್ಟರಲ್ಲಿ ಮಳೆಕಾಡು, ಎಲೆ ಉದುರುವ ಕಾಡು, ಕುರುಚಲು ಬೆರೆತ ಹುಲ್ಲುಗಾವಲು ಎಂಬ ಮೂರು ಬಯೋಮ್‌ಗಳನ್ನು ಹಾದಿರುತ್ತೇವೆ. ಬಯೋಮ್ ಅಂದರೆ ಜೀವವಲಯ: ಒಂದೇ ಬಗೆಯ ಹವೆಯಲ್ಲಿ ಒಂದೇ ಬಗೆಯ ಸಸ್ಯಗಳು ಹಬ್ಬಿ, ಅವಕ್ಕೆ ಒಗ್ಗಿದ ಪ್ರಾಣಿಗಳು ಬಾಳುವ ವಿಶಾಲ ನೆಲ. ಒಂದು ನೆಲ ಯಾವ ವಲಯಕ್ಕೆ ಸೇರಬೇಕೆಂದು ಮುಖ್ಯವಾಗಿ ತೀರ್ಮಾನಿಸುವುದು ಉಷ್ಣತೆ ಮತ್ತು ಮಳೆ. ನಮ್ಮ ಈ ದಾರಿಯಲ್ಲಿ ನಿರ್ಣಾಯಕವಾದದ್ದು ಮಳೆ.

ಅರಬ್ಬಿ ಸಮುದ್ರದ ಮುಂಗಾರು ಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ತಣಿಯುತ್ತದೆ, ಹೊತ್ತು ತಂದ ತೇವವನ್ನು ಅಲ್ಲೇ ಸುರಿಸುತ್ತದೆ. ಆಗುಂಬೆಗೆ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ. ಘಟ್ಟದ ಹಿಂದೆ, ಮಳೆನೆರಳಿನಲ್ಲಿರುವ ಚಳ್ಳಕೆರೆಗೆ 500 ಮಿ.ಮೀ. ಆಸುಪಾಸು.

ನೀರು ಹೆಚ್ಚಾದಲ್ಲಿ

ಮಳೆಕಾಡಿನಲ್ಲಿ ನೀರಿಗೆ ಬರವಿಲ್ಲ, ಬೆಳಕಿಗೆ ಬರ. ಆದ್ದರಿಂದ ಮರಗಳು ಬಿಸಿಲಿಗಾಗಿ ಎತ್ತರಕ್ಕೆ ಏರುತ್ತವೆ. ಸುರಿವ ಮಳೆ ಮಣ್ಣಿನ ಸಾರವನ್ನು ತೊಳೆಯುವುದರಿಂದ ಬೇರುಗಳು ಆಳಕ್ಕಿಳಿಯದೆ, ಮೇಲ್ಪದರದಲ್ಲೇ ಹರಡಿ ಕೊಳೆತ ತರಗೆಲೆಯ ಸತ್ವ ಹೀರುತ್ತವೆ. ಎತ್ತರದ ಮರ ಬೀಳದಂತೆ ಬುಡದಲ್ಲಿ ಹಲಗೆಯಂಥ ಆನಿಕೆ ಬೇರುಗಳಿರುತ್ತವೆ. ಹಲವು ಎಲೆಗಳ ತುದಿ ಬಾಲದಂತೆ ಸಪೂರ. ನೀರು ಅಲ್ಲಿಂದ ಬೇಗ ಜಾರಿ ಎಲೆಯ ಮೇಲೆ ಪಾಚಿ ಕೂರುವುದು ತಪ್ಪುತ್ತದೆ. ನೀರು ನಿಂತ ರಾಮಪತ್ರೆ ಮರಗಳ ಜಡ್ಡಿಗಳಲ್ಲಿ, ಅಂದರೆ ಜೌಗು ಕಾಡುಗಳಲ್ಲಿ, ಬೇರುಗಳೇ ಮೊಣಕಾಲಿನಂತೆ ಬಾಗಿ ಮೇಲೆದ್ದು ಉಸಿರಾಡುತ್ತವೆ. ಸಿಂಗಳೀಕ ಬಹುಪಾಲು ಬದುಕನ್ನು ಮರದ ಮೇಲೆಯೇ ಕಳೆದರೆ, ಹಾರುವ ಓತಿ ಪಕ್ಕೆಯ ಚರ್ಮ ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ.

ನೀರು ಬಂದು ಹೋಗುವಲ್ಲಿ

ಮಂಡಗದ್ದೆ ದಾಟಿ ಶಿವಮೊಗ್ಗ ಸಮೀಪಿಸಿದಂತೆ ತೇಗ, ಮತ್ತಿ, ಹೊನ್ನೆ ಕಾಣಿಸುತ್ತವೆ. ಇಲ್ಲಿ ಹಲವು ತಿಂಗಳು ಒಣಗಾಲ. ಎಲೆಯಿದ್ದರೆ ಅದರ ರಂಧ್ರಗಳಿಂದ ನೀರು ಆವಿಯಾಗುತ್ತಲೇ ಇರುತ್ತದೆ. ಹಾಗಾಗಿ ಮರ ಎಲೆಯ ಸಾರವನ್ನು ಕೊಂಬೆಗೆ ಎಳೆದುಕೊಂಡು, ಉಳಿದದ್ದನ್ನು ಉದುರಿಸುತ್ತದೆ. ಬೋಳು ಮರ ಸತ್ತ ಮರವಲ್ಲ, ನೀರು ಉಳಿಸುತ್ತಿರುವ ಮರ. ಮತ್ತಿಯ ದಪ್ಪ ತೊಗಟೆ ಬೇಸಿಗೆಯ ನೆಲಬೆಂಕಿಯನ್ನೂ ತಾಳಿಕೊಳ್ಳುತ್ತದೆ.

ನೀರು ಕಡಿಮೆಯಾದಲ್ಲಿ

ಚಿತ್ರದುರ್ಗ ದಾಟಿದ ಮೇಲೆ ಎಲೆ ಕಿರಿದಾಗುತ್ತದೆ, ಮುಳ್ಳು ಹೆಚ್ಚುತ್ತದೆ. ಜಾಲಿಯ ಪುಟ್ಟ ಎಲೆಗಳಿಂದ ಆವಿಯಾಗುವ ನೀರು ಕಡಿಮೆ. ಮುಳ್ಳು ಮೇಯುವ ಬಾಯಿಯನ್ನು ದೂರವಿಡುತ್ತದೆ. ಅಮೆರಿಕ ಖಂಡದಿಂದ ಬಂದ ಪಾಪಾಸುಕಳ್ಳಿ ರಂಧ್ರಗಳನ್ನು ಹಗಲು ಮುಚ್ಚಿ, ತಂಪಾದ ರಾತ್ರಿಯಲ್ಲಿ ತೆರೆಯುತ್ತದೆ. ಅದಕ್ಕೂ ನಮ್ಮ ನೆಲದ ಚದುರಗಳ್ಳಿಗೂ ನೆಂಟಸ್ತನವಿಲ್ಲ; ಮುರಿದರೆ ಒಂದರಲ್ಲಿ ಲೋಳೆ, ಇನ್ನೊಂದರಲ್ಲಿ ಹಾಲು. ಆದರೂ ಎರಡಕ್ಕೂ ನೀರು ತುಂಬಿಟ್ಟ ದಪ್ಪ ಕಾಂಡ, ಮೈತುಂಬ ಮುಳ್ಳು. ಖಂಡ ಬೇರೆಯಾದರೂ ಕಷ್ಟ ಒಂದೇ ಆದಾಗ ಉಪಾಯವೂ ಒಂದೇ ಆಗುತ್ತದೆ. ಜೀವವಲಯ ಎಂಬ ಕಲ್ಪನೆಯ ತಿರುಳೇ ಇದು.

ಹುಲ್ಲಿನ ಉಪಾಯ ಇನ್ನೂ ಸರಳ. ಅದರ ಮೊಳೆಯುವ ಕಣ್ಣು ನೆಲಮಟ್ಟದಲ್ಲಿರುತ್ತದೆ. ದನ ಮೇಯಲಿ, ಬೆಂಕಿ ಹಾಯಲಿ, ಒಂದು ಹದಮಳೆಗೆ ಮತ್ತೆ ಚಿಗುರುತ್ತದೆ. ಈ ಬಯಲಲ್ಲಿ ಅಡಗಲು ಮರೆಯಿಲ್ಲದ್ದರಿಂದ ಕೃಷ್ಣಮೃಗ ಓಟವನ್ನೇ ನಂಬಿದೆ.

ಹೆಪ್ಪುಗಟ್ಟಿದ ನೀರು

ಸಿಗುವ ನೀರಿಗೆ ತಕ್ಕ ರೂಪ ಎಂಬ ಸೂತ್ರ ದೂರದ ಉತ್ತರಕ್ಕೂ ಸಲ್ಲುತ್ತದೆ. ರಷ್ಯಾ, ಕೆನಡಾಗಳ ಟೈಗಾ ಕಾಡಿನಲ್ಲಿ ಚಳಿಗಾಲದ ನೀರೆಲ್ಲ ಹಿಮ. ಬೇರಿಗೆ ಅದು ಸಿಗದು. ಆದ್ದರಿಂದ ಸೂಜಿಯಂಥ, ಮೇಣ ಸವರಿದ ಎಲೆಗಳು. ಅದಕ್ಕೂ ಉತ್ತರದ ಟಂಡ್ರಾದಲ್ಲಿ ಒಳನೆಲ ವರ್ಷವಿಡೀ ಹೆಪ್ಪುಗಟ್ಟಿರುವುದರಿಂದ ಬೇರು ಇಳಿಯದು, ಮರ ಏಳದು. ಹಾವಸೆ, ಕುಳ್ಳು ಪೊದೆಗಳದ್ದೇ ರಾಜ್ಯ.

ಬಂಜರಲ್ಲ

ಮರವಿಲ್ಲದ ನೆಲವನ್ನು ಬಂಜರು ಎಂದು ಕರೆಯುವ ರೂಢಿ ನಮ್ಮಲ್ಲಿದೆ. ಆದರೆ ಚಳ್ಳಕೆರೆಯ ಕಾವಲುಗಳು, ಅಂದರೆ ಮೇವಿಗೆ ಮೀಸಲಾದ ಹುಲ್ಲುಗಾವಲುಗಳು, ಅಮೃತಮಹಲ್ ತಳಿಯ ದನಗಳನ್ನು ಸಾಕಿದ ನೆಲ. ಅದು ಕಾಡು ಸತ್ತು ಉಳಿದ ಬಯಲಲ್ಲ, ಹುಲ್ಲಿನದೇ ಆದ ಪೂರ್ಣ ಲೋಕ. ಅಲ್ಲಿ ದಟ್ಟವಾಗಿ ಮರ ಬೆಳೆಸಿದರೆ ನೆರಳಿಗೆ ಹುಲ್ಲು ಸಾಯುತ್ತದೆ. ಹುಲ್ಲಿನೊಡನೆ ಕೃಷ್ಣಮೃಗದ ನೆಲೆಯೂ ಹೋಗುತ್ತದೆ. ಮುಂದಿನ ಮಳೆಗಾಲದಲ್ಲಿ ಸಸಿ ನೆಡಲು ಗುದ್ದಲಿ ಎತ್ತುವ ಮೊದಲು, ಈ ನೆಲ ಯಾವ ಜೀವವಲಯದ್ದು ಎಂದು ಒಮ್ಮೆ ಕೇಳಿಕೊಳ್ಳೋಣ.