‘ವಯಸ್ಸಾಯ್ತಲ್ಲ’ ಅಂದುಬಿಟ್ಟರೆ ಮುಗೀತಾ?

ಬೆಳಗ್ಗೆ ಆರೂವರೆಗೆ ಜಕ್ಕೂರು ಕೆರೆ ಏರಿಯ ಮೇಲೆ ನರೆತ ತಲೆಗಳಿಗೆ ಬರವಿಲ್ಲ. ಸುಮಾರು 160 ಎಕರೆಯ ಕೆರೆ, ನೀರಲ್ಲಿ ಹೆಜ್ಜಾರ್ಲೆಗಳು, ಪಕ್ಕದ ವಿಮಾನ ತರಬೇತಿ ಶಾಲೆಯಿಂದ ಆಗಾಗ ಏಳುವ ಪುಟ್ಟ ವಿಮಾನದ ಸದ್ದು. ಬೆಂಚಿನ ಮೇಲೆ ಕೂತರೆ ವೈದ್ಯಶಾಸ್ತ್ರವೂ ಪುಕ್ಕಟೆ: ಸಕ್ಕರೆ ಕಾಯಿಲೆಗೆ ಅಮೃತಬಳ್ಳಿ, ಮಂಡಿನೋವಿಗೆ ಎಕ್ಕದೆಲೆ, ನಿದ್ದೆಗೆ ಪಕ್ಕದ ಮನೆಯವರು ಕೊಟ್ಟ ಅರ್ಧ ಮಾತ್ರೆ. ಚರ್ಚೆ ಎಲ್ಲಿಂದಲೇ ಶುರುವಾಗಲಿ, ಕೊನೆಗೆ ಬಂದು ನಿಲ್ಲುವುದು ‘ವಯಸ್ಸಾಯ್ತಲ್ಲ, ಇನ್ನೇನು’ ಎಂಬ ತೀರ್ಪಿಗೆ. ನನ್ನ ತಕರಾರು ಈ ತೀರ್ಪಿನ ಮೇಲೆಯೇ. ವಾಸಿಮಾಡಬಹುದಾದ ಎಷ್ಟೋ ತೊಂದರೆಗಳು ಇದರ ಮರೆಯಲ್ಲಿ ವರ್ಷಗಟ್ಟಲೆ ಅವಿತಿರುತ್ತವೆ.

ನಡಿಗೆಯಿಂದಲೇ ಶುರು ಮಾಡೋಣ. ‘ದಿನಾ ಹತ್ತು ಸಾವಿರ ಹೆಜ್ಜೆ ಹಾಕಲೇಬೇಕು’ ಎನ್ನುವುದು ಯಾವ ವೈದ್ಯರ ಲೆಕ್ಕವೂ ಅಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಹಿಡಿದ ಸಂಖ್ಯೆ ಅದು. 65 ದಾಟಿದವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಚುರುಕು ನಡಿಗೆಯಂಥ ಶ್ರಮ. ಇದರ ಜೊತೆಗೆ ಅದು ಹೇಳುವ ಇನ್ನೊಂದು ಮಾತು ಏರಿಯವರೆಗೆ ಬಂದೇ ಇಲ್ಲ: ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಬರುವ ಕಸರತ್ತು, ಮೂರು ದಿನ ದೇಹದ ಸಮತೋಲ ಕಾಯುವ ಅಭ್ಯಾಸ.

‘ಈ ವಯಸ್ಸಲ್ಲಿ ಭಾರ ಎತ್ತೋದಾ?’ ಅಂತ ನಗುವವರಿಗೆ 1990ರ ಒಂದು ಅಮೆರಿಕನ್ ಪ್ರಯೋಗ ನೆನಪಿಸಬೇಕು. ವೃದ್ಧಾಶ್ರಮದಲ್ಲಿದ್ದ, ಸರಾಸರಿ 90 ವರ್ಷದ ಹತ್ತು ಜನರಿಗೆ ಎಂಟು ವಾರ ಕಾಲಿನ ಸ್ನಾಯುಗಳಿಗೆ ಭಾರದ ವ್ಯಾಯಾಮ ಮಾಡಿಸಿದರು. ಪೂರೈಸಿದವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ನಮಗೆ ಜಿಮ್ಮೇ ಬೇಕೆಂದಿಲ್ಲ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಅಡುಗೆಕಟ್ಟೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು, ಇಷ್ಟು ಸಾಕು ಆರಂಭಕ್ಕೆ. ಎದೆನೋವು, ಉಬ್ಬಸ ಇದ್ದವರು ಮೊದಲು ಡಾಕ್ಟರನ್ನು ಕೇಳಬೇಕು.

‘ಹೊರಗೆ ಹೋದರೆ ಬೀಳ್ತೀರಿ, ಮನೇಲೇ ಇರಿ’ ಎಂದು ಅಪ್ಪ ಅಮ್ಮನನ್ನು ಕೂರಿಸುವ ಮಕ್ಕಳು ಇನ್ನೊಂದು ಕಡೆ. ವಯಸ್ಸಾದವರು ಹೆಚ್ಚಾಗಿ ಬೀಳುವುದು ಮನೆಯೊಳಗೇ. ಒದ್ದೆ ಬಚ್ಚಲು, ಜಾರುವ ಕಾಲೊರೆಸು, ರಾತ್ರಿ ಮೂತ್ರಕ್ಕೆ ಎದ್ದಾಗಿನ ಕತ್ತಲು, ಮೇಲೆ ನಿದ್ದೆಮಾತ್ರೆಯ ಮಂಪರು. ಕೂರಿಸಿದಷ್ಟೂ ತೊಡೆಯ ಸ್ನಾಯು ಕರಗುತ್ತದೆ. ಕರಗಿದಷ್ಟೂ ಬೀಳುವುದು ಹೆಚ್ಚು. ಬಚ್ಚಲಲ್ಲಿ ಒಂದು ಹಿಡಿಕೆ ಹಾಕಿಸಿ, ಹಾಸಿಗೆಯಿಂದ ಅಲ್ಲಿವರೆಗೆ ಒಂದು ಸಣ್ಣ ದೀಪ ಇರಲಿ.

ಊಟದ ವಿಷಯದಲ್ಲಿ ‘ವಯಸ್ಸಾದವರಿಗೆ ಏನು ಬೇಕು, ಎರಡು ತುತ್ತು ಅನ್ನ ಮಜ್ಜಿಗೆ’ ಎನ್ನುವುದು ವೈರಾಗ್ಯದಂತೆ ಕೇಳಿಸುತ್ತದೆ, ಅಷ್ಟೇ. ಹಸಿವು ಕಡಿಮೆಯಾದರೂ ಪ್ರೋಟೀನಿನ ಅಗತ್ಯ ಕಡಿಮೆಯಾಗುವುದಿಲ್ಲ. ಮೂತ್ರಪಿಂಡದ ತೊಂದರೆ ಇಲ್ಲದ ಹಿರಿಯರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕೆನ್ನುತ್ತಾರೆ ತಜ್ಞರು. ರಾಗಿಯ ಕ್ಯಾಲ್ಸಿಯಂ ಬಗ್ಗೆ ನಮ್ಮವರ ಹೆಮ್ಮೆ ನಿಜವೇ. ಆದರೆ 100 ಗ್ರಾಂ ರಾಗಿಯಲ್ಲಿ ಪ್ರೋಟೀನ್ ಇರುವುದು ಬರೀ 7 ಗ್ರಾಂ. ಮುದ್ದೆಯ ಜೊತೆ ಸಾರಿನ ತಿಳಿ ಸಾಲದು, ಹುರುಳಿಕಾಳೋ ಹೆಸರುಕಾಳೋ ಮೊಟ್ಟೆಯೋ ತಟ್ಟೆಗೆ ಬೀಳಬೇಕು.

ಮರೆವಿಗೆ ಬಂದರೆ ಎರಡು ತಪ್ಪು ಎದುರುಬದುರು ನಿಂತಿವೆ. ಕನ್ನಡಕ ಎಲ್ಲಿಟ್ಟೆ ಎಂದು ಮರೆತವರು ‘ನಂಗೆ ಅಲ್ಜೈಮರ್’ ಎಂದು ಹೆದರುತ್ತಾರೆ. ದಿನಾ ಬರುವ ದಾರಿಯೇ ತಪ್ಪುವ ಅಜ್ಜನನ್ನು ‘ಅರಳುಮರಳು’ ಎಂದು ಸುಮ್ಮನೆ ಬಿಡುತ್ತಾರೆ. ಭಾರತದಲ್ಲಿ 60 ದಾಟಿದವರಲ್ಲಿ ಡಿಮೆನ್ಶಿಯಾ ಇರುವುದು ಅಂದಾಜು ಶೇ 7.4 ಜನರಿಗೆ ಎಂದು 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಹೇಳಿತು. ಉಳಿದವರಿಗೆ ಅದಿಲ್ಲ, ಹಾಗಾಗಿ ಅದು ಮುಪ್ಪಿನ ಸಹಜ ಲಕ್ಷಣವಲ್ಲ. ಥೈರಾಯ್ಡ್ ಏರುಪೇರು, ಬಿ12 ಕೊರತೆ, ಖಿನ್ನತೆ ಇವೂ ಮರೆವು ತರುತ್ತವೆ. ಸಸ್ಯಾಹಾರಿಗಳು ಮತ್ತು ವರ್ಷಗಳಿಂದ ಮೆಟ್‌ಫಾರ್ಮಿನ್ ನುಂಗುವ ಮಧುಮೇಹಿಗಳು ಬಿ12 ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಕಿವಿ ಮಂದವಾದರೆ ‘ಇರಲಿ ಬಿಡಿ’ ಅನ್ನುವವರೇ ಹೆಚ್ಚು. ತಪ್ಪಿಸಬಹುದಾದ ಡಿಮೆನ್ಶಿಯಾ ಕಾರಣಗಳೆಂದು ಲ್ಯಾನ್ಸೆಟ್ ಆಯೋಗ 2024ರಲ್ಲಿ ಪಟ್ಟಿಮಾಡಿದ 14ರಲ್ಲಿ ಶ್ರವಣ ದೋಷವೂ ಒಂದು. ಕನ್ನಡಕ ಹಾಕಲು ನಾಚದವರು ಶ್ರವಣ ಯಂತ್ರಕ್ಕೆ ಯಾಕೆ ನಾಚಬೇಕೋ ನನಗೆ ಅರ್ಥವಾಗಿಲ್ಲ.

ಇನ್ನು ಮನಸ್ಸು. ಜಕ್ಕೂರಿನ ಸುತ್ತ ಎದ್ದಿರುವ ಅಪಾರ್ಟ್‌ಮೆಂಟುಗಳಿಗೆ ಹಾಸನ, ದಾವಣಗೆರೆ, ಶಿರಸಿ ಕಡೆಯಿಂದ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದವರು ಬಹಳ. ‘ಮಗ, ಸೊಸೆ, ಮೊಮ್ಮಗು ಎಲ್ಲ ಇದ್ದಾರೆ, ಒಂಟಿತನ ಎಲ್ಲಿಂದ ಬರಬೇಕು?’ ಎಂಬ ಪ್ರಶ್ನೆ ಇವರಿಗೇ ಎದುರಾಗುವುದು. ಮಗ ಸೊಸೆ ಒಂಬತ್ತಕ್ಕೆ ಲಾಗಿನ್, ಮಗು ಸ್ಕೂಲಿಗೆ. ಲಿಫ್ಟಿನಲ್ಲಿ ಸಿಗುವವರ ಭಾಷೆ ಬೇರೆ, ಎದುರು ಫ್ಲ್ಯಾಟಿನ ಬಾಗಿಲು ಸದಾ ಮುಚ್ಚಿದ್ದು. ಊರಲ್ಲಿ ಜಗಲಿಗೆ ಬಂದು ‘ಕಾಫಿ ಆಯ್ತಾ ರಾಯರೇ’ ಎನ್ನುತ್ತಿದ್ದವರು ಇಲ್ಲಿಲ್ಲ. ಮನೆಯಲ್ಲಿ ಎಷ್ಟು ತಲೆ ಇದೆ ಎಂದು ಎಣಿಸಿದರೆ ಒಂಟಿತನದ ಲೆಕ್ಕ ಸಿಗುವುದಿಲ್ಲ.

ಹಿರಿಯರ ಖಿನ್ನತೆ ಅಳುತ್ತಲೇ ಬರಬೇಕೆಂದಿಲ್ಲ. ಮೈಕೈ ನೋವು, ಬಾಯಿ ರುಚಿಯಿಲ್ಲ, ಬೆಳಗಿನ ಜಾವ ಮೂರಕ್ಕೇ ಎಚ್ಚರ, ಟಿವಿಯೂ ಬೇಡ ಎಂಬ ರೂಪದಲ್ಲಿ ಬರುತ್ತದೆ. ರಿಪೋರ್ಟೆಲ್ಲ ನಾರ್ಮಲ್ ಎಂದು ಮನೆಯವರು ನಿರಾಳರಾಗುತ್ತಾರೆ. ಆದರೆ ಎರಡು ವಾರಕ್ಕೂ ಮೀರಿ ಹೀಗಿದ್ದರೆ ಅದು ‘ಈ ವಯಸ್ಸಿನ ಬೇಜಾರು’ ಅಲ್ಲ, ಚಿಕಿತ್ಸೆಗೆ ಒಗ್ಗುವ ಕಾಯಿಲೆ ಇರಬಹುದು. ‘ಆ ಮಾತ್ರೆ ಚಟ ಹಿಡಿಸುತ್ತೆ’ ಎಂಬ ಭಯವೂ ಬೇಡ. ಖಿನ್ನತೆಯ ಔಷಧ ನಿದ್ದೆಮಾತ್ರೆಯಂತೆ ಚಟ ಹಿಡಿಸುವುದಲ್ಲ. ಡಾಕ್ಟರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು, ಅಷ್ಟೆ.

ಆಸ್ಪತ್ರೆಗೆ ಹೋಗಲು ಸಂಕೋಚವಾದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಟೆಲಿ ಮಾನಸ್ ಸಹಾಯವಾಣಿಗೆ ನಮ್ಮ ನಿಮ್ಹಾನ್ಸೇ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಪಿಂಚಣಿ, ಮನೆಯಲ್ಲಿ ಕಿರುಕುಳ, ಕಾನೂನಿನ ಪ್ರಶ್ನೆ ಇದ್ದರೆ ಹಿರಿಯರ ಸಹಾಯವಾಣಿ 14567. ಎರಡನ್ನೂ ಅಮ್ಮನ ಫೋನಿನಲ್ಲಿ ಇವತ್ತೇ ಸೇವ್ ಮಾಡಿಕೊಡಿ.